ತಿಳಿಸದೆ ಸಹಿ ಹಾಕಿಸಬೇಡ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹುಡುಗರನ್ನು ಈಗ ಯಾರನ್ನು ಮಾತಾಡಿಸಿದರೂ ‘ಬ್ಯಾಂಕಿನ ಪರೀಕ್ಷೆಗೆ ಓದಲಿಕ್ಕತ್ತೀನ್ರಿ’ ಅನ್ನುತ್ತಾರೆ. ಲಾತೂರಿನಲ್ಲಿ ಕ್ಲಾಸು, ಬಾಡಿಗೆ ಖೋಲಿ, ಮೊಬೈಲಿನಲ್ಲಿ ಮಾಕ್ ಟೆಸ್ಟು. ಊರಿಗೆ ಹೋದಾಗ ನನ್ನ ಕಟ್ಟೆಗೂ ಬಂದು ಕೂಡುತ್ತಾರೆ. ‘ಮುತ್ಯಾ, ನೀವು ದೊಡ್ಡ ಸಾಹೇಬರಾಗಿದ್ರಿ, ಪಾಸಾಗಲಿಕ್ಕೆ ಏನರೆ ಹೇಳ್ರಿ.’ ಪಾಸಾಗುವ ದಾರಿ ನನಗಿಂತ ಲಾತೂರಿನ ಕ್ಲಾಸಿನವರಿಗೆ ಚೆನ್ನಾಗಿ ಗೊತ್ತು. ನಾನು ಹೇಳಬಹುದಾದದ್ದು ಪಾಸಾದ ಮೇಲಿನ ಮಾತು.

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದೆ. ಗುಮಾಸ್ತನಾಗಿ ಸೇರಿದವನು ಜನರಲ್ ಮ್ಯಾನೇಜರ್ ಆಗಿ ಹೊರಗೆ ಬಂದೆ. ಆಮೇಲೆ ಹತ್ತು ವರ್ಷ ವಿಶ್ವವಿದ್ಯಾಲಯದಲ್ಲಿ ಹಣಕಾಸಿನ ಪಾಠ ಹೇಳಿದೆ. ಇಷ್ಟನ್ನೂ ಸೋಸಿದರೆ ಕೈಗೆ ಉಳಿಯುವುದು ಒಂದೇ ಮಾತು: ತಿಳಿಯದ್ದಕ್ಕೆ ಸಹಿ ಹಾಕಬೇಡ, ತಿಳಿಸದೆ ಇನ್ನೊಬ್ಬರಿಂದ ಸಹಿ ಹಾಕಿಸಬೇಡ. ಇದನ್ನು ನನಗೆ ಯಾವ ತರಬೇತಿ ಕೇಂದ್ರವೂ ಕಲಿಸಲಿಲ್ಲ. ನನ್ನದೇ ತಪ್ಪು ಕಲಿಸಿತು. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

1978ರ ಮಾತು. ನಿಲಂಗಾ ಸೀಮೆಯ ಒಂದು ಶಾಖೆಯಲ್ಲಿ ನಾನು ಫೀಲ್ಡ್ ಆಫೀಸರ್. ಬ್ಯಾಂಕಿನ ಹೆಸರು ಬೇಡ, ತಪ್ಪು ನನ್ನದು. ಬೇಸಿಗೆಯ ಒಂದು ಮಧ್ಯಾಹ್ನ ಒಬ್ಬ ಹುಡುಗ ಎಣ್ಣೆ ಇಂಜಿನ್ನಿನ ಸಾಲಕ್ಕೆ ಬಂದ. ಜಾಮೀನಿಗೆ ತನ್ನ ಚಿಗವ್ವನನ್ನು ಕರೆದುಕೊಂಡು ಬಂದಿದ್ದ. ವಯಸ್ಸಾದ ಹೆಣ್ಣುಮಗಳು, ಮನೆಮಾತು ಕನ್ನಡ. ಮರಾಠಿ ಸಂತೆಯಲ್ಲಿ ವ್ಯವಹರಿಸುವಷ್ಟು, ಓದುಬರಹ ಇಲ್ಲ. ಕಾಗದ ಇಂಗ್ಲಿಷಿನಲ್ಲಿ ಅಚ್ಚಾದದ್ದು. ಶಾಯಿ ಪ್ಯಾಡನ್ನು ಮುಂದೆ ಸರಿಸಿದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡು ಕೇಳಿದಳು: ‘ಯಪ್ಪಾ, ಇದ್ರಾಗ ಏನ್ ಬರ್ದದ?’

ಹೊರಗೆ ಹದಿನೈದು ಜನ ನಿಂತಿದ್ದರು. ಸಾಲದ ಗುರಿ ಮುಟ್ಟಿರಲಿಲ್ಲ. ‘ಎಲ್ಲಾ ಸರಿ ಅದ, ಒತ್ತಮ್ಮ’ ಅಂದೆ. ಒತ್ತಿದಳು. ಹೆಬ್ಬೆಟ್ಟಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದುಹೋದಳು. ಓದು ಬಾರದವರು ಹೆಬ್ಬೆಟ್ಟು ಒತ್ತಿದ ಕಾಗದದ ಅಡಿಯಲ್ಲಿ ಒಂದು ದೃಢೀಕರಣದ ಸಾಲು ಇರುತ್ತದೆ. ‘ಈ ಪತ್ರದ ವಿವರವನ್ನು ಇವರಿಗೆ ತಿಳಿಯುವ ಇಂಥ ಭಾಷೆಯಲ್ಲಿ ಓದಿ ಹೇಳಲಾಗಿದೆ, ಅವರು ಅರ್ಥಮಾಡಿಕೊಂಡಿದ್ದಾರೆ’ ಎಂಬರ್ಥದ ಸಾಲು. ಭಾಷೆಯ ಜಾಗ ಖಾಲಿ. ಅಲ್ಲಿ ಕೈ ಅಭ್ಯಾಸದಂತೆ ‘ಮರಾಠಿ’ ಎಂದು ತುಂಬಿ ಕೆಳಗೆ ನಾನೂ ಸಹಿ ಹಾಕಿದೆ.

ಎರಡು ಮಳೆ ಕೈಕೊಟ್ಟವು. ಹುಡುಗ ಊರು ಬಿಟ್ಟು ಪುಣೆ ಸೇರಿದ. ಕಂತು ನಿಂತಿತು. ಜಾಮೀನುದಾರರಿಗೆ ನೋಟೀಸು ಹೋಯಿತು. ಅವಳು ಬಂದು ನನ್ನ ಮೇಜಿನ ಮುಂದೆ ನೆಲಕ್ಕೇ ಕೂತಳು. ಸಾಕ್ಷಿಗೆ ಒತ್ತಿದೆ ಅಂತಲೇ ಅಷ್ಟು ದಿನ ಅಂದುಕೊಂಡಿದ್ದಳು. ಕೂಗಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಮೇಕೆ ಮಾರಿದ ರೊಕ್ಕವನ್ನು ಎಣಿಸದೆ ಮೇಜಿನ ಮೇಲೆ ಇಟ್ಟು ಒಂದೇ ಮಾತು ಹೇಳಿದಳು: ‘ನಾ ನಿನಗ ಕೇಳಿದ್ನೆಪ್ಪಾ.’

ಹೌದು, ಕೇಳಿದ್ದಳು. ಆ ಕಾಗದದಲ್ಲಿ ಅವಳ ಹೆಬ್ಬೆಟ್ಟು ನಿಜವಾಗಿತ್ತು, ನನ್ನ ಸಹಿ ಸುಳ್ಳಾಗಿತ್ತು. ಕಾನೂನು ಅವಳನ್ನು ಹಿಡಿಯಿತು, ನನ್ನನ್ನು ಯಾರೂ ಕೇಳಲಿಲ್ಲ. ಮುಂದೆ ಕೋಟಿಗಟ್ಟಲೆ ಸಾಲಗಳಿಗೆ ಸಹಿ ಹಾಕುವ ಕುರ್ಚಿಯಲ್ಲಿ ಕೂತಾಗಲೂ ಪೆನ್ನು ಎತ್ತಿದರೆ ಆ ಮಾತು ಕಿವಿಯಲ್ಲಿ ಕೇಳುತ್ತಿತ್ತು.

ಈಗ ನಮ್ಮ ಸೀಮೆಯ ಕಥೆ ಸ್ವಲ್ಪ ಕೇಳಿ. ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ಉದಗೀರ, ನಿಲಂಗಾ, ಅಹಮದಪುರ ಮೂರೂ ಬೀದರ್ ಜಿಲ್ಲೆಯ ತಾಲೂಕುಗಳು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳು ಮರುರಚನೆಯಾದಾಗ ಬೀದರ್ ಮೈಸೂರಿಗೆ ಹೋಯಿತು, ಈ ಮೂರು ತಾಲೂಕುಗಳು ಮುಂಬೈ ರಾಜ್ಯಕ್ಕೆ ಬಂದವು, 1960ರಲ್ಲಿ ಮಹಾರಾಷ್ಟ್ರಕ್ಕೆ. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯ ಜೊತೆ ಉಳಿಯಿತು. ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಗಿ ನಿಲಂಗಾ, ಉದಗೀರ ಅದರೊಳಗೆ ಸೇರಿದವು. ಗೆರೆ ಬದಲಾಯಿತು, ಬೀಗತನ ಬದಲಾಗಲಿಲ್ಲ. ಇವತ್ತಿಗೂ ನಮ್ಮ ಹೆಣ್ಣುಗಂಡು ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ ಕಡೆಗೇ ನಡೆಯುತ್ತವೆ.

ನಾನು ಹುಟ್ಟಿದ ಹಳ್ಳಿ ಉಮರ್ಗಾ ಮತ್ತು ಆಳಂದದ ನಡುವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಟ್ರಂಕಿನಲ್ಲಿದ್ದ ಹಳೆಯ ಕಾಗದ ಉರ್ದು. ನಿಜಾಮನ ಕಾಲದಲ್ಲಿ ಕಚೇರಿ, ಕೋರ್ಟು ಎಲ್ಲ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ನಮ್ಮ ಮುತ್ಯಾ ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ನಮ್ಮ ಅಪ್ಪ ಮರಾಠಿ ಕಾಗದಕ್ಕೆ ಒತ್ತಿದ. ನನ್ನ ಕಾಲದಲ್ಲಿ ಆ ಚಿಗವ್ವ ಇಂಗ್ಲಿಷ್ ಕಾಗದಕ್ಕೆ ಒತ್ತಿದಳು. ಮೂರು ಕಾಗದಕ್ಕೆ ಮೂರು ಲಿಪಿ, ಒತ್ತಿದವರಿಗೆ ಮೂರು ಸಲವೂ ಅದು ಓದಲು ಬರಲಿಲ್ಲ.

ರೊಕ್ಕವೂ ಎರಡು ಥರ ಇತ್ತು. ನಿಜಾಮನ ಹಾಲಿ ಸಿಕ್ಕಾ ಒಂದು, ಬ್ರಿಟಿಷರ ಕಲ್ದಾರ್ ಇನ್ನೊಂದು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್, ಸುಮಾರಾಗಿ ಇದೇ ಲೆಕ್ಕ. ಸೊಲ್ಲಾಪುರ ಬ್ರಿಟಿಷರ ಸೀಮೆ, ಉಮರ್ಗಾ ನಿಜಾಮನ ಸೀಮೆ. ಸೊಲ್ಲಾಪುರದ ಪೇಟೆಯಲ್ಲಿ ಕಾಳು ಮಾರಿ ಬಂದವನು ಊರಲ್ಲಿ ಹಾಲಿಗೆ ಬದಲಾಯಿಸುವಾಗ ಏಳು ಆರರ ಲೆಕ್ಕ ಬಾರದಿದ್ದರೆ ದಾರಿಯಲ್ಲೇ ಕಳಕೊಳ್ಳುತ್ತಿದ್ದ. ಈ ಹಾಲಿ ಸಿಕ್ಕಾದ ಉಸ್ತುವಾರಿಯನ್ನೂ ವಹಿಸಿ 1941ರ ಕಾಯ್ದೆಯಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಕಟ್ಟಿದರು. ಅದೇ 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು, 1959ರ ಕಾಯ್ದೆಯಂತೆ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು, 2017ರ ಏಪ್ರಿಲ್ 1ರಂದು ಅದರಲ್ಲೇ ಕರಗಿಹೋಯಿತು. ಬೋರ್ಡುಗಳು ಹೀಗೆ ಬರುತ್ತವೆ, ಹೋಗುತ್ತವೆ. ಏಳು ಆರರ ಲೆಕ್ಕ ಬಲ್ಲವನಿಗೆ ಯಾವ ಕಾಲದಲ್ಲೂ ಮೋಸವಿಲ್ಲ.

ಅದಕ್ಕೇ ನನ್ನ ಮೊದಲ ಕಿವಿಮಾತು, ನೌಕರಿ ಸಿಕ್ಕರೂ ಸಿಗದಿದ್ದರೂ ನಿಮಗೆ ಬೇಕಾದದ್ದು: ಬಡ್ಡಿಯ ಲೆಕ್ಕ ನೀವೇ ಹಾಕಲು ಕಲಿಯಿರಿ. ನಮ್ಮ ಊರಲ್ಲಿ ‘ಮೂರರ ಬಡ್ಡಿ’ ಅನ್ನುತ್ತಾರೆ. ಕೇಳಲಿಕ್ಕೆ ಸಣ್ಣ ಅಂಕಿ. ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಬಡ್ಡಿಗೆ ಬಡ್ಡಿ ಸೇರಿದರೆ ಸುಮಾರು ಎರಡು ವರ್ಷಕ್ಕೆ ಸಾಲ ದುಪ್ಪಟ್ಟು. 72ನ್ನು ಬಡ್ಡಿಯ ದರದಿಂದ ಭಾಗಿಸಿ ನೋಡಿ. ದುಪ್ಪಟ್ಟಾಗಲು ಎಷ್ಟು ವರ್ಷ ಬೇಕು ಎಂಬುದು ಹೆಚ್ಚುಕಡಿಮೆ ಸಿಗುತ್ತದೆ.

ಪೇಟೆಯ ಫೈನಾನ್ಸಿನವರ ಮಾತು ಇನ್ನೂ ನಯ. ಮೋಟಾರ್ ಸೈಕಲ್ಲಿಗೆ ಒಂದು ಲಕ್ಷ, ಮೂರು ವರ್ಷ, ‘ಬರೀ ಹನ್ನೆರಡು ಪರ್ಸೆಂಟು, ಫ್ಲ್ಯಾಟ್’ ಅನ್ನುತ್ತಾರೆ. ಲೆಕ್ಕ ಹಾಕಿ. ವರ್ಷಕ್ಕೆ 12,000ದಂತೆ ಮೂರು ವರ್ಷಕ್ಕೆ 36,000 ಬಡ್ಡಿ. ತಿಂಗಳ ಕಂತು 3,778 ರೂಪಾಯಿ. ಆದರೆ ನೀವು ಪ್ರತಿ ತಿಂಗಳೂ ಅಸಲನ್ನು ಕಟ್ಟುತ್ತ ಬಂದಿರುತ್ತೀರಿ, ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೇ ನಡೆದಿರುತ್ತದೆ. ಉಳಿದ ಬಾಕಿಯ ಮೇಲೆ ಬಡ್ಡಿ ಹಾಕುವ ಪದ್ಧತಿಯಲ್ಲಿ ಅದೇ ಹನ್ನೆರಡಕ್ಕೆ ಕಂತು 3,321, ಒಟ್ಟು ಬಡ್ಡಿ 19,600ರ ಒಳಗೆ. ಆ ಫ್ಲ್ಯಾಟ್ ಹನ್ನೆರಡರ ನಿಜವಾದ ದರ ಶೇ. 21ರ ಮೇಲೆ. ಬಾಯಲ್ಲಿ ಹನ್ನೆರಡು, ಚೀಲದಿಂದ ಇಪ್ಪತ್ತೊಂದು. ಇದು ತಿಳಿಯಲು ಎಂ.ಕಾಂ. ಬೇಡ. ಒಂದು ಹಾಳೆ, ಒಂದು ಪೆನ್ನು, ಅರ್ಧ ತಾಸು ಸಾಕು.

ಜಾಮೀನಿನ ವಿಷಯ ಬೇರೆಯಾಗಿ ಹೇಳುತ್ತೇನೆ. ನಮ್ಮಲ್ಲಿ ಗೆಳೆಯನಿಗೆ ಜಾಮೀನು ನಿಲ್ಲುವುದನ್ನು ಬೀಡಿಗೆ ಬೆಂಕಿ ಕೊಟ್ಟಷ್ಟು ಸಲೀಸು ಅಂದುಕೊಂಡಿದ್ದಾರೆ. 1872ರ ಕರಾರು ಕಾಯ್ದೆಯ 128ನೇ ಕಲಮು ಹೇಳುವುದಿಷ್ಟು: ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಕರಾರಿನಲ್ಲಿ ಬೇರೆ ಮಾತು ಬರೆದಿದ್ದರೆ ಮಾತ್ರ ಬೇರೆ. ಅವನನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳುವ ಹಕ್ಕು ನಿಮಗೆ ತಾನಾಗಿ ಬರುವುದಿಲ್ಲ. ಗೆಳೆಯನ ಸಾಲವನ್ನು ನೀವೇ ಕಟ್ಟುವ ತಾಕತ್ತು, ಮನಸ್ಸು ಎರಡೂ ಇದ್ದರೆ ನಿಲ್ಲಿ. ಇಲ್ಲದಿದ್ದರೆ ಅವತ್ತೇ ‘ಆಗುವುದಿಲ್ಲ’ ಎನ್ನಿ. ನಾಲ್ಕು ದಿನ ಮುನಿಸಿಕೊಂಡಾನು, ನಲವತ್ತು ವರ್ಷದ ನೆಂಟಸ್ತನ ಉಳಿದೀತು.

ಎರಡನೆಯ ಮಾತು ಬ್ಯಾಂಕು ಸೇರುವವರಿಗೆ. ನಿಮ್ಮ ಹತ್ತಿರ ಪುಣೆ, ಮುಂಬೈ ಹುಡುಗರ ಹತ್ತಿರ ಇಲ್ಲದ ಬಂಡವಾಳ ಇದೆ. ಕನ್ನಡ, ಮರಾಠಿ, ದಖ್ಖನಿ ಹಿಂದಿ ಮೂರೂ ನಿಮ್ಮ ನಾಲಿಗೆಯ ಮೇಲಿವೆ. ಅದನ್ನು ನಾಚಿಕೆ ಅಂತ ಬಚ್ಚಿಡಬೇಡಿ. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದು ಎಂದು ಸರ್ಕಾರ ಹೇಳಿತು. ಪರೀಕ್ಷೆಯನ್ನು ಜನರ ಭಾಷೆಯಲ್ಲಿ ಬರೆದು, ಕೌಂಟರಿನಲ್ಲಿ ಕೂತ ಮೇಲೆ ಮುದುಕಿಯೊಬ್ಬಳ ಕನ್ನಡಕ್ಕೆ ‘ಹಿಂದಿ ಮೇ ಬೋಲೋ’ ಎಂದರೆ ಆ ಪರೀಕ್ಷೆಯಿಂದ ಏನು ಬಂತು?

ಹೊಲದ ದಾಖಲೆಗೆ ಗೆರೆಯ ಈ ಕಡೆ ಸಾತಬಾರಾ ಉತಾರಾ, ಆ ಕಡೆ ಪಹಣಿ. ಮಹಿಳೆಯರ ಉಳಿತಾಯ ಸಂಘ ಈ ಕಡೆ ಬಚತ ಗಟ, ಆ ಕಡೆ ಸ್ವಸಹಾಯ ಸಂಘ. ಬಾಕಿ ಇಲ್ಲ ಎಂಬ ಚೀಟಿಗೆ ಹಿರಿಯರು ಇನ್ನೂ ಬೇಬಾಕಿ ಅನ್ನುತ್ತಾರೆ. ಆಳಂದದ ಬೀಗರು ಉಮರ್ಗಾದಲ್ಲಿ ಹೊಲ ಮಾಡಿರುತ್ತಾರೆ, ಉದಗೀರದ ಅಡತಿಯವನ ರೈತರು ಭಾಲ್ಕಿ ಕಡೆಯವರಿರುತ್ತಾರೆ. ಈ ಎರಡು ಹೆಸರೂ ಒಂದೇ ವಸ್ತುವಿನವು ಎಂದು ತಿಳಿದವನು ಶಾಖೆಯಲ್ಲಿ ಒಬ್ಬನಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮಣ್ಣಿನ ಲೆಕ್ಕವೂ ಭಾಷೆಯೇ. ಹೆಸರು, ಉದ್ದು ಪೋಳಾ ಹಬ್ಬದ ಹೊತ್ತಿಗೆ ಮನೆಗೆ ಬರುತ್ತವೆ. ಸೋಯಾಬೀನು ದಸರಾ ದೀಪಾವಳಿಯ ನಡುವೆ. ತೊಗರಿ ಸಂಕ್ರಾಂತಿಯ ಆಚೀಚೆ. ಇದನ್ನು ಬಲ್ಲವನು ತೊಗರಿ ಬೆಳೆಯುವವನಿಗೆ ನವೆಂಬರಿನಲ್ಲಿ ಕಂತು ಇಡುವುದಿಲ್ಲ. ಇಟ್ಟರೆ ಅವನು ಕಂತು ತಪ್ಪುತ್ತಾನೆ, ಇಲ್ಲವೇ ಸಾಹುಕಾರನ ಹತ್ತಿರ ಮೂರರ ಬಡ್ಡಿಗೆ ತಂದು ಬ್ಯಾಂಕಿಗೆ ಕಟ್ಟುತ್ತಾನೆ. ನಿಮ್ಮ ಪುಸ್ತಕದಲ್ಲಿ ಸಾಲ ಚೊಕ್ಕ, ಅವನ ಮನೆಯಲ್ಲಿ ಹೊಸ ಗಾಯ. ಬೆಳೆಸಾಲಕ್ಕೆ ಶೇ. 7 ಬಡ್ಡಿ, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ. 3 ಬಿಡುವು ಎಂಬ ಸವಲತ್ತು ಮೂರು ಲಕ್ಷದವರೆಗಿನ ಸಾಲಕ್ಕೆ ವರ್ಷಗಟ್ಟಲೆ ನಡೆದುಬಂದಿದೆ. ಯಾವ ತಾರೀಖಿನೊಳಗೆ ಕಟ್ಟಿದರೆ ಅದು ಸಿಗುತ್ತದೆ ಎಂದು ಬಾಯಿಬಿಟ್ಟು ಹೇಳದೆ ಎಷ್ಟು ರೈತರು ಅದನ್ನು ಕಳಕೊಂಡದ್ದನ್ನು ಕಂಡಿದ್ದೇನೆ! ಒಂದು ವಾರ ತಡವಾಗಿ ಬಂದು, ಬಡ್ಡಿಯ ಮೊತ್ತ ನೋಡಿ ಬೆಪ್ಪಾಗಿ ನಿಂತವರು ಅವರು.

ಈ ತಿಳಿಸುವ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಿದವರು ಹೆಣ್ಣುಮಕ್ಕಳು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳಿಗೆ ಬ್ಯಾಂಕುಗಳಿಂದ ಸಾಲ ಕೊಡಿಸುವ ಪ್ರಯೋಗ ಶುರುಮಾಡಿತು. ಗೆರೆಯಾಚೆಯ ಬೀದರ್ ಜಿಲ್ಲಾ ಸಹಕಾರಿ ಬ್ಯಾಂಕು ಈ ಕೆಲಸದಲ್ಲಿ ಹೆಸರು ಮಾಡಿತು. ಅಂಥ ಒಂದು ಗುಂಪಿನ ಸಭೆಗೆ ಹೋಗಿ ಹಿಂದೆ ಕೂತಿದ್ದೆ. ಓದು ಬಂದ ಒಬ್ಬ ಹುಡುಗಿ ನಡಾವಳಿ ಪುಸ್ತಕವನ್ನು ಗಟ್ಟಿಯಾಗಿ ಓದಿದಳು. ಯಾರ ಉಳಿತಾಯ ಎಷ್ಟು, ಯಾರ ಬಾಕಿ ಎಷ್ಟು, ಎಲ್ಲ ಎಲ್ಲರ ಕಿವಿಗೆ ಬಿತ್ತು. ಒಬ್ಬಾಕೆ ‘ನಂದು ಇನ್ನೂರು ಕಟ್ಟೀನಿ, ನೂರು ಓದಿದಿ’ ಅಂದಳು. ಅಲ್ಲೇ ತಿದ್ದಿದರು. ಆಮೇಲೆ ಒಬ್ಬೊಬ್ಬರಾಗಿ ಹೆಬ್ಬೆಟ್ಟು. ನನ್ನ ಮೂವತ್ತೆಂಟು ವರ್ಷದಲ್ಲಿ ಅದಕ್ಕಿಂತ ಚೊಕ್ಕ ಹೆಬ್ಬೆಟ್ಟು ನೋಡಿಲ್ಲ.

ಮೂರನೆಯ ಮಾತು ಮೇಲೆ ಹೋಗುವವರಿಗೆ. ಕುರ್ಚಿ ದೊಡ್ಡದಾದಂತೆ ಕಾಗದ ದಪ್ಪವಾಗುತ್ತದೆ, ಓದುವ ಹೊತ್ತು ಕಡಿಮೆಯಾಗುತ್ತದೆ. ಇಪ್ಪತ್ತು ಜನ ಸಹಿ ಹಾಕಿ ಕಳಿಸಿದ್ದಾರೆ, ಇಪ್ಪತ್ತೊಂದನೆಯವನು ನಾನ್ಯಾಕೆ ಓದಲಿ ಅನ್ನಿಸುತ್ತದೆ. ಆ ಇಪ್ಪತ್ತು ಜನರೂ ಮೇಲಿನವನು ಓದುತ್ತಾನೆ ಅಂತಲೇ ಸಹಿ ಹಾಕಿರುತ್ತಾರೆ! ದೊಡ್ಡ ಸಾಲಗಳು ಮುಳುಗುವುದು ಹೆಚ್ಚಾಗಿ ಹೀಗೆ. ಕಳ್ಳತನಕ್ಕಿಂತ ಹೆಚ್ಚು ರೊಕ್ಕ ಓದದ ಸಹಿಗಳಲ್ಲಿ ಹೋಗಿದ್ದನ್ನು ನೋಡಿದ್ದೇನೆ.

ಫೋನುಗಳೂ ಬರುತ್ತವೆ. ‘ನಮ್ಮವರದೇ ಫೈಲು, ಸ್ವಲ್ಪ ನೋಡ್ರಿ.’ ಫೋನಿನ ಮಾತಿಗೆ ಸಹಿ ಇರುವುದಿಲ್ಲ ಎಂಬುದನ್ನು ನೆನಪಿಡಿ. ನಾನು ಇಟ್ಟುಕೊಂಡಿದ್ದ ರೂಢಿ ಇಷ್ಟೇ: ‘ತಾವು ಹೇಳಿದ್ದನ್ನು ಫೈಲಿನಲ್ಲಿ ಬರೆದುಕೊಳ್ಳುತ್ತೇನೆ ಸಾಹೇಬರೆ’ ಅನ್ನುತ್ತಿದ್ದೆ. ಹತ್ತರಲ್ಲಿ ಒಂಬತ್ತು ಜನ ‘ಬೇಡ ಬಿಡ್ರಿ, ನಿಮ್ಮ ನಿಯಮ ಹ್ಯಾಂಗದನೋ ಹಂಗ ಮಾಡ್ರಿ’ ಎಂದು ಫೋನು ಇಡುತ್ತಿದ್ದರು. ಒಬ್ಬರು ಇಡಲಿಲ್ಲ. ನನಗೆ ದೂರದ ಊರಿಗೆ ವರ್ಗವಾಯಿತು. ಹೋದೆ. ಅಲ್ಲಿಯೂ ಶಾಖೆ ಇತ್ತು, ಅಲ್ಲಿಯೂ ಸಂಬಳ ಬಂತು. ಸಾಲ ಕೊಡುವುದಿಲ್ಲ ಅನ್ನುವಾಗಲೂ ಕಾರಣ ಬರೆದುಕೊಡಿ. ಕಾರಣ ತಿಳಿದವನು ಅದನ್ನು ಸರಿಪಡಿಸಿಕೊಂಡು ಮತ್ತೆ ಬರುತ್ತಾನೆ. ತಿಳಿಯದವನು ಸಾಹುಕಾರನ ಹತ್ತಿರ ಹೋಗುತ್ತಾನೆ.

ಉಮರ್ಗಾದಿಂದ ಗೆರೆ ದಾಟಿದರೆ ಬಸವಕಲ್ಯಾಣ. ಬಸವಣ್ಣನವರನ್ನು ನಾವು ಪೂಜಿಸುತ್ತೇವೆ, ಅವರು ಬಿಜ್ಜಳನ ಭಂಡಾರಿಯಾಗಿದ್ದರು ಎಂಬುದನ್ನು ಮರೆಯುತ್ತೇವೆ. ಭಂಡಾರದ ರೊಕ್ಕವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ದೂರು ಹೋಯಿತಂತೆ. ಭಂಡಾರ ತೆರೆಸಿ ಎಣಿಸಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂದು ಪುರಾಣದ ಕಥೆ. ಭಕ್ತರು ಅದನ್ನು ಪವಾಡ ಎನ್ನುತ್ತಾರೆ. ಬ್ಯಾಂಕಿನವನಾದ ನನಗೆ ಅದರಲ್ಲಿ ಕಂಡದ್ದು ಯಾವಾಗ ಬೇಕಾದರೂ ತೆರೆದು ತೋರಿಸಬಲ್ಲ ಲೆಕ್ಕ. ಹಾಗೆ ಲೆಕ್ಕ ಇಟ್ಟವನಿಗೆ ಯಾವ ಆಡಿಟರನ ಭಯವೂ ಇಲ್ಲ.

ಬ್ಯಾಂಕು, ಹಣಕಾಸು, ವಿಶ್ವವಿದ್ಯಾಲಯ ಮೂರನ್ನೂ ತುಳಿದ ದೊಡ್ಡವರೊಬ್ಬರ ಹೆಸರು ಹೇಳುತ್ತೇನೆ: ಸಿ.ಡಿ. ದೇಶಮುಖ್. 1943ರಿಂದ 1949ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. 1950ರಿಂದ ಕೇಂದ್ರದ ಹಣಕಾಸು ಮಂತ್ರಿ. 1956ರಲ್ಲಿ, ನಮ್ಮ ತಾಲೂಕುಗಳ ಹಣೆಬರಹ ಬರೆದ ಅದೇ ರಾಜ್ಯ ಮರುರಚನೆಯ ಹೊತ್ತಿನಲ್ಲಿ, ಮುಂಬೈಯನ್ನು ಕೇಂದ್ರದ ಆಡಳಿತದಲ್ಲಿ ಇಡುವ ತೀರ್ಮಾನ ಒಪ್ಪದೆ ಮಂತ್ರಿಗಿರಿಯನ್ನೇ ಬಿಟ್ಟರು. ಮುಂದೆ 1962ರಿಂದ 1967ರವರೆಗೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ. ದೇಶದ ರೊಕ್ಕದ ನೋಟಿನ ಮೇಲೆ ಸಹಿ ಹಾಕಿದ ಕೈ ಅದು. ಒಪ್ಪದ ಕಡೆ ಸಹಿ ಹಾಕದಿರುವುದೂ ಆ ಕೈಗೆ ಗೊತ್ತಿತ್ತು.

ಕಾಗದ ಎಂದರೆ ಬೇಜಾರು ಪಡುವವರಿಗೆ ಇನ್ನೊಂದು ಮಾತು. 1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷ ಇರುವಾಗ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಔಸಾ, ಉಮರ್ಗಾ ತಾಲೂಕಿನ ಕಲ್ಲುಮಣ್ಣಿನ ಮನೆಗಳು ಮಲಗಿದವರ ಮೇಲೆ ಬಿದ್ದವು. ಸಾವಿರಾರು ಜನ ಹೋದರು. ನಾನಾಗ ಪ್ರಾದೇಶಿಕ ಕಚೇರಿಯಲ್ಲಿದ್ದೆ. ಪಾಸ್‌ಬುಕ್ಕು, ಸಾತಬಾರಾ, ರೇಷನ್ ಕಾರ್ಡು ಎಲ್ಲ ಮಣ್ಣಿನಡಿ. ಪರಿಹಾರದ ರೊಕ್ಕ ಬಂದಾಗ ಯಾರು ಯಾರ ವಾರಸುದಾರರು ಎಂದು ತೀರ್ಮಾನವಾಗಬೇಕು. ಒಬ್ಬ ಹುಡುಗ ಬಂದ, ಹನ್ನೆರಡು ಹದಿಮೂರು ವರ್ಷದವ. ಅಪ್ಪನ ಹೆಸರು ಹೇಳಿದ, ಬೇರೇನೂ ಅವನ ಕೈಯಲ್ಲಿ ಇರಲಿಲ್ಲ. ನಮ್ಮ ಲೆಡ್ಜರಿನಲ್ಲಿ ಆ ಅಪ್ಪನ ಖಾತೆ ಸಿಕ್ಕಿತು. ಯಾವನೋ ಹಳೆಯ ಗುಮಾಸ್ತ ದುಂಡಗಿನ ಅಕ್ಷರದಲ್ಲಿ ನಾಮಿನಿಯ ಜಾಗದಲ್ಲಿ ಮಗನ ಹೆಸರು, ಹುಟ್ಟಿದ ತಾರೀಖು ಬರೆದಿದ್ದ. ಖಾತೆ ತೆರೆದ ದಿನ ಅವನು ಐದು ನಿಮಿಷ ಹೆಚ್ಚು ಕೂತು ಕೇಳಿ ಬರೆದಿರಬೇಕು. ಆ ಹುಡುಗನ ಬದುಕಿಗೆ ಆ ದಿನ ಇದ್ದ ಪುರಾವೆ ಆ ಒಂದು ಸಾಲು. ನಾಮಿನಿಯ ಕಾಲಮ್ಮನ್ನು ಖಾಲಿ ಬಿಡುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಿವೃತ್ತಿಯಾದ ಮೇಲೆ ಪಾಠಕ್ಕೆ ಹೋದೆ. ಕರ್ನಾಟಕ ಕರಾವಳಿಯ ಎನ್.ಕೆ. ತಿಂಗಳಾಯರು ಅರ್ಥಶಾಸ್ತ್ರಜ್ಞರಾಗಿ ಸೇರಿದ ಸಿಂಡಿಕೇಟ್ ಬ್ಯಾಂಕಿಗೇ ಅಧ್ಯಕ್ಷರಾಗಿ, ಆಮೇಲೆ ನಿಟ್ಟೆಯಲ್ಲಿ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು. ಅವರ ಎತ್ತರ ನನಗಿಲ್ಲ, ದಾರಿ ಅದೇ. ಇಲ್ಲಿಗೆ ಇನ್ನೂ ಹತ್ತಿರದ ಮಾಸ್ತರರೂ ಇದ್ದರು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಉಮರ್ಗಾ ಕಡೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳಿದರು, ಮುಂದೆ ಹೈದರಾಬಾದ್ ವಿಮೋಚನೆಯ ಮುಂದಾಳಾದರು. ಲಾತೂರು ಜಿಲ್ಲೆಯ ಕಾಲೇಜುಗಳು ಸೇರಿರುವ ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಕನ್ನಡ ನೆಲದ ಮಾಸ್ತರರು ಮರಾಠಿ ಹುಡುಗರಿಗೆ ಪಾಠ ಹೇಳುವುದು ಈ ಸೀಮೆಗೆ ಹೊಸದಲ್ಲ.

ಮೊದಲ ದಿನದ ತರಗತಿಯಲ್ಲಿ ಪ್ರತಿ ವರ್ಷ ಒಂದು ಕೆಲಸ ಮಾಡುತ್ತಿದ್ದೆ. ಆರು ಪುಟದ ಒಂದು ಸಾಲಪತ್ರ ಹಂಚಿ ‘ಸಹಿ ಹಾಕಿ ಕೊಡಿ’ ಅನ್ನುತ್ತಿದ್ದೆ. ನಾಲ್ಕನೆಯ ಪುಟದ ನಡುವೆ, ‘ಒಂದು ವರ್ಷ ಈ ಮಾಸ್ತರರ ಚೀಲ ಹೊರಲು ಒಪ್ಪಿದ್ದೇನೆ’ ಎಂಬ ಸಾಲು ಸೇರಿಸಿರುತ್ತಿದ್ದೆ. ಎರಡು ನಿಮಿಷದಲ್ಲಿ ಎಲ್ಲರ ಸಹಿ ಬೀಳುತ್ತಿತ್ತು. ಒಂದು ವರ್ಷ ಮಾತ್ರ ಭಾಲ್ಕಿ ಕಡೆಯ ಒಬ್ಬ ಹುಡುಗಿ ಕೊನೆಯವರೆಗೆ ಕೂತಿದ್ದಳು. ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ಆಮೇಲೆ ಕೆಳಗೆ ದೊಡ್ಡ ಸಹಿ ಮಾಡಿ ಕೊಟ್ಟಳು. ಉಳಿದವರೆಲ್ಲ ಎಂಬಿಎ ಓದಲು ಬಂದಿದ್ದರು, ಅವಳು ಕಲಿತೇ ಬಂದಿದ್ದಳು.

ತರಗತಿಯಲ್ಲಿ ಕಂಡ ದೊಡ್ಡ ರೋಗ ಎಂದರೆ ಕೇಳಲು ನಾಚಿಕೆ. ಒಬ್ಬ ಹುಡುಗ ಆರು ತಿಂಗಳ ಮೇಲೆ, ಅದೂ ಕಾರಿಡಾರಿನಲ್ಲಿ, ಮೆಲ್ಲಗೆ ಕೇಳಿದ: ‘ಸರ್, ಕಂಪನಿಗೆ ಲಾಭ ಬಂದದ ಅಂತೀರಿ, ಮತ್ತ ಸಂಬಳಕ್ಕ ರೊಕ್ಕ ಯಾಕ ಇಲ್ಲ?’ ಉದಗೀರದ ಒಂದು ಬೇಳೆ ಮಿಲ್ಲನ್ನು ನೆನೆಸಿಕೊ ಅಂದೆ. ತೊಗರಿ ಕೊಂಡು ಗೋದಾಮು ತುಂಬಿಸಿದ್ದಾನೆ, ಮಾಡಿದ ಬೇಳೆಯನ್ನು ಹೈದರಾಬಾದಿನ ವ್ಯಾಪಾರಿಗೆ ಉದ್ರಿ ಕೊಟ್ಟಿದ್ದಾನೆ. ಪುಸ್ತಕದಲ್ಲಿ ಲಾಭ ಬರೆದಾಯಿತು, ರೊಕ್ಕ ಉದ್ರಿಯಲ್ಲಿ, ಗೋದಾಮಿನಲ್ಲಿ ಕೂತಿದೆ. ಶನಿವಾರ ಹಮಾಲರಿಗೆ ಕೊಡಲು ಗಲ್ಲಾದಲ್ಲಿ ಏನೂ ಇಲ್ಲ. ಅವನ ಮುಖ ಅರಳಿತು. ಇಡೀ ಸೆಮಿಸ್ಟರಿನಲ್ಲಿ ಸ್ಲೈಡು ತೋರಿಸಿ ಹೇಳಲಾರದ್ದು ಒಂದು ಬೇಳೆ ಮಿಲ್ಲಿನಲ್ಲಿ ಮುಗಿಯಿತು. ಆದ್ದರಿಂದ ತಿಳಿಯದಿದ್ದರೆ ಕೈ ಎತ್ತಿ. ಎರಡನೆಯ ಸಲ ಕೇಳಿದ್ದಕ್ಕೆ ಸಿಟ್ಟಾಗುವ ಮಾಸ್ತರರಿಗೆ ಆ ವಿಷಯ ಪೂರ್ತಿ ತಿಳಿದಿಲ್ಲ ಎಂದೇ ಅರ್ಥ.

ಈಗಿನ ಕಾಲದ ಮಾತಿಗೆ ಬರೋಣ. ಶಾಯಿ ಪ್ಯಾಡು ಹೋಯಿತು, ಹೆಬ್ಬೆಟ್ಟು ಉಳಿಯಿತು. ಹಳ್ಳಿಯ ಬ್ಯಾಂಕ್ ಮಿತ್ರನ ಕೈಯಲ್ಲಿರುವ ಸಣ್ಣ ಯಂತ್ರದ ಮೇಲೆ ಆಧಾರ್ ಕಾರ್ಡಿಗೆ ಕೊಟ್ಟ ಬೆರಳು ಇಟ್ಟರೆ ಖಾತೆಯಿಂದ ರೊಕ್ಕ ಬರುತ್ತದೆ. ‘ಬೆರಳು ಸರಿ ಮೂಡಲಿಲ್ಲ, ಇನ್ನೊಮ್ಮೆ ಇಡ್ರಿ’ ಎಂದರೆ ಎರಡನೆಯ ಸಲ ಏನು ಕಡಿತವಾಯಿತು ಎಂದು ನೋಡುವವರು ಬೇಕು. ರಸೀದಿ ಕೇಳುವವರು ಬೇಕು. ಓಟಿಪಿ ಎಂದರೆ ಏನಂದುಕೊಂಡಿದ್ದೀರಿ? ಅದೂ ಸಹಿಯೇ. ಫೋನಿನಲ್ಲಿ ಯಾರಿಗೋ ಆರು ಅಂಕಿ ಹೇಳುವುದು ಎಂದರೆ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಕೊಟ್ಟಂತೆ. ಸಾಲದ ಆ್ಯಪಿನಲ್ಲಿ ‘ಒಪ್ಪಿದ್ದೇನೆ’ ಎಂಬ ಚೌಕದ ಮೇಲೆ ಬೆರಳಿಟ್ಟಿರಿ ಎಂದರೂ ಸಹಿ ಬಿತ್ತು ಎಂದೇ ಲೆಕ್ಕ.

ಒಂದು ಒಳ್ಳೆಯ ನಿಯಮ ಬಂದಿದೆ, ಬಲ್ಲವರು ಕಡಿಮೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಅಪ್ಪಣೆಯಂತೆ ಬ್ಯಾಂಕು, ಫೈನಾನ್ಸು ಯಾರೇ ಆಗಲಿ, ಹೊಸ ಚಿಲ್ಲರೆ ಸಾಲಕ್ಕೆ ಮುಖ್ಯ ಸಂಗತಿಗಳ ಒಂದು ಪತ್ರ ಕೊಡಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಶುಲ್ಕ ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟು ಬೀಳುತ್ತದೆ ಎಂಬುದು ಅದರಲ್ಲಿ ಇರಬೇಕು. ಅದನ್ನು ವಿವರಿಸಿ ಹೇಳಿ, ತಿಳಿಯಿತು ಎಂದು ಒಪ್ಪಿಗೆ ಪಡೆಯಬೇಕು. ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲವಾದರೆ ಯೋಚನೆ ಮಾಡಲು ಕಡೇಪಕ್ಷ ಮೂರು ಕೆಲಸದ ದಿನ ಕೊಡಬೇಕು. ಆ ಚಿಗವ್ವನ ಪ್ರಶ್ನೆ ನಲವತ್ತಾರು ವರ್ಷದ ಮೇಲೆ ನಿಯಮವಾಗಿ ಬಂತು ಎಂದುಕೊಂಡೆ. ಆದರೆ ನಿಯಮದ ಪತ್ರದಲ್ಲೂ ಭಾಷೆಯ ಜಾಗ ಯಾರೋ ತುಂಬಬೇಕಲ್ಲ? ನಾನು ತುಂಬಿದ ಹಾಗೆ ಕೈ ಅಭ್ಯಾಸಕ್ಕೆ ತುಂಬುವವರು ಇವತ್ತೂ ಇದ್ದಾರೆ. ನೀವು ಆ ಮೇಜಿನ ಹಿಂದೆ ಕೂತ ದಿನ ಪೆನ್ನು ಕೆಳಗಿಟ್ಟು ಓದಿ ಹೇಳಿ. ಹೊರಗಿನ ಹದಿನೈದು ಜನ ಕಾಯಲಿ, ಅವರ ಸರದಿಗೂ ಅದೇ ಗೌರವ ಸಿಗುತ್ತದೆ ಎಂದು ತಿಳಿದರೆ ಯಾರೂ ಗೊಣಗುವುದಿಲ್ಲ.

ಇನ್ನೊಂದು ಚಿಕ್ಕ ಮಾತು. ನಿಮ್ಮಲ್ಲಿ ಬಹಳ ಜನಕ್ಕೆ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಮರಾಠಿ ಶಾಲೆ ನಿಮಗೆ ಒಳ್ಳೆಯ ಓದು ಕೊಟ್ಟಿದೆ, ಅದಕ್ಕೆ ಋಣಿಯಾಗಿರಿ. ಅದರ ಜೊತೆಗೆ ಕನ್ನಡದ ಅಕ್ಷರವನ್ನೂ ಕಲಿಯಿರಿ. ಮಾತು ಬಂದವರಿಗೆ ಅಕ್ಷರ ಕೆಲವೇ ವಾರದ ಕೆಲಸ. ಈ ಬರಹವನ್ನು ಓದಲು ಬಾರದವರಿಗೆ ಆಳಂದದ ಸೋದರಮಾವನಿಂದಲೋ ಭಾಲ್ಕಿಯ ಅತ್ತಿಗೆಯಿಂದಲೋ ಓದಿಸಿ ಕೇಳಿಸಿ.

ಕೊನೆಗೆ ಒಂದು ಕೆಲಸ ಹಚ್ಚುತ್ತೇನೆ. ಬರುವ ಭಾನುವಾರ ಮಾಕ್ ಟೆಸ್ಟು ಒಂದು ತಾಸು ಪಕ್ಕಕ್ಕಿಡಿ. ಮನೆಯ ಟ್ರಂಕು ತೆಗೆಯಿರಿ. ಆಯಿಯ ಪಾಸ್‌ಬುಕ್ಕು, ಅಪ್ಪನ ಬೆಳೆಸಾಲದ ಕಾಗದ, ವಿಮೆಯ ಪತ್ರ, ಸಾತಬಾರಾ ಎಲ್ಲ ಹೊರಗೆ ಹಾಕಿ. ನಾಮಿನಿ ಯಾರು, ಬಾಕಿ ಎಷ್ಟು, ಕಂತು ಯಾವಾಗ, ಯಾರಿಗೆ ಜಾಮೀನು ನಿಂತಿದ್ದಾರೆ ನೋಡಿ. ನೋಡಿ ನಿಮ್ಮೊಳಗೇ ಇಟ್ಟುಕೊಳ್ಳಬೇಡಿ. ಆಯಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಅವಳಿಗೆ ತಿಳಿಯುವ ಮಾತಿನಲ್ಲಿ, ಒಂದೊಂದೇ ಕಾಗದ ಗಟ್ಟಿಯಾಗಿ ಓದಿ ಹೇಳಿ. ಅವಳು ನಡುವೆ ತಡೆದು ಏನಾದರೂ ಕೇಳಿದರೆ ‘ಎಲ್ಲಾ ಸರಿ ಅದ’ ಅನ್ನಬೇಡಿ.